ಉಂಡ ಅನ್ನ ಮೈಗೆ ಹತ್ತದೇಕೆ?

"ಉಂಡದ್ದು ಮೈಗೆ ಹತ್ತುತ್ತಿಲ್ಲ" ಎಂಬ ಮಾತು ನಮ್ಮ ನಾಡಿನಲ್ಲಿ ಬಹು ಹಳೆಯದು. ಖಾನಾಪುರ ತಾಲ್ಲೂಕಿನ ಬೀಡಿಯಲ್ಲಾಗಲಿ, ಬೆಳಗಾವಿಯ ಪೇಟೆಯಲ್ಲಾಗಲಿ, ಹೊತ್ತುಹೊತ್ತಿಗೆ ಉಣ್ಣುವ ಕೂಸು ಸೊರಗಿಯೇ ಉಳಿದರೆ ಮನೆಯ ಹಿರಿಯರು ಆಡುವ ಮಾತು ಇದು. ಕೆಲವರು ದೃಷ್ಟಿ ತಾಗಿತೆನ್ನುತ್ತಾರೆ; ಕೆಲವರು ಮಗುವಿನ ಮೈಗುಣವೇ ಹಾಗೆ ಎಂದು ಸುಮ್ಮನಾಗುತ್ತಾರೆ. ಕಾರಣವನ್ನು ಹೇಳುವಲ್ಲಿ ಅವರು ತಪ್ಪಿದರೂ ಮಾತು ಮಾತ್ರ ಸುಳ್ಳಲ್ಲ. ತಟ್ಟೆಗೆ ಬಡಿಸಿದ ಅನ್ನ ಬೇರೆ, ರಕ್ತಕ್ಕೆ ಸೇರಿದ ಅನ್ನ ಬೇರೆ. ಇವೆರಡರ ನಡುವೆ ಒಂದು ಗೋಡೆ ಇದೆ. ಆ ಗೋಡೆ ಕೆಟ್ಟಾಗ ಏನಾಗುತ್ತದೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಇದು ಬರಿಯ ಕುತೂಹಲದ ವಿಷಯವಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿ, 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರು. ಇವರಲ್ಲಿ ಹಲವರಿಗೆ ಆಹಾರದ ಕೊರತೆಯೇ ಕಾರಣ. ಆದರೆ ಕೊರತೆಯೆಲ್ಲ ತಟ್ಟೆಯಲ್ಲೇ ಇಲ್ಲ.

ಒಂದೇ ಕೋಶದ ದಪ್ಪದ ಗೋಡೆ

ದಾರ ಪೋಣಿಸುವ ಮಣಿಯನ್ನು ನೆನೆಯಿರಿ. ಮಣಿಯ ತೂತು ಮಣಿಯ ನಡುವೆಯೇ ಇದೆ. ಆದರೂ ಅಲ್ಲಿರುವುದು ಮಣಿಯಲ್ಲ, ಹೊರಗಿನ ಗಾಳಿ. ಬಾಯಿಂದ ಗುದದವರೆಗಿನ ಅನ್ನನಾಳವೂ ಹಾಗೆಯೇ. ನುಂಗಿದ ತುತ್ತು ಕರುಳಿನಲ್ಲಿರುವಾಗಲೂ ಲೆಕ್ಕಕ್ಕೆ ನಮ್ಮ ದೇಹದ ಹೊರಗೇ ಇದೆ. ಕರುಳಿನ ಗೋಡೆಯನ್ನು ದಾಟಿದ ಮೇಲೆಯೇ ಅದು ನಮ್ಮದು.

ಈ ಗೋಡೆಯ ಒಳಮೈಗೆ ಹಾಸಿರುವ ಜೀವಕೋಶಗಳ ಪದರ ಒಂದೇ ಒಂದು ಕೋಶದಷ್ಟು ದಪ್ಪ. ಅದರ ಅಳತೆ ಒಂದು ಮಿಲಿಮೀಟರಿನ ಸುಮಾರು ನಲವತ್ತನೆಯ ಒಂದು ಪಾಲು. ವಸ್ತುವೊಂದು ಪೊರೆಯನ್ನು ದಾಟುವ ವೇಗವು ಪೊರೆಯ ವಿಸ್ತಾರ ಹೆಚ್ಚಿದಷ್ಟೂ ಹೆಚ್ಚುತ್ತದೆ, ದಪ್ಪ ಹೆಚ್ಚಿದಷ್ಟೂ ಕುಗ್ಗುತ್ತದೆ ಎಂಬುದು ಭೌತಶಾಸ್ತ್ರದ ಪಾಠ. ಪ್ರಕೃತಿ ಇಲ್ಲಿ ದಪ್ಪವನ್ನು ಕನಿಷ್ಠಕ್ಕೆ ಇಳಿಸಿ, ವಿಸ್ತಾರವನ್ನು ಮಡಿಕೆ ಮಡಿಕೆಯಾಗಿ ಹೆಚ್ಚಿಸಿದೆ.

ಎಷ್ಟು ಹೆಚ್ಚಿಸಿದೆ ಎಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು. ಬದುಕಿರುವ ಮನುಷ್ಯನಲ್ಲಿ ಸಣ್ಣ ಕರುಳಿನ ಉದ್ದ ಸುಮಾರು 3 ಮೀಟರ್, ಒಳವ್ಯಾಸ ಸುಮಾರು 2.5 ಸೆಂಟಿಮೀಟರ್. ಅದು ನುಣುಪಾದ ಕೊಳವೆಯಾಗಿದ್ದರೆ ಒಳಮೈ ಒಂದು ಚದರ ಮೀಟರಿನ ಕಾಲುಭಾಗವೂ ಆಗುತ್ತಿರಲಿಲ್ಲ. ಆದರೆ ಒಳಪದರವು ನೆರಿಗೆಗಟ್ಟಿದೆ. ಅದರಿಂದ ವಿಸ್ತಾರ 1.6 ಪಟ್ಟು. ನೆರಿಗೆಗಳ ಮೇಲೆಲ್ಲ ಅರ್ಧದಿಂದ ಒಂದು ಮಿಲಿಮೀಟರ್ ಎತ್ತರದ, ಬೆರಳಿನಾಕಾರದ ಚಾಚುಗಳಿವೆ. ಇವುಗಳನ್ನು ಅಂಕುರಗಳೆಂದು ಕರೆಯೋಣ. ಇವುಗಳಿಂದ ವಿಸ್ತಾರ ಮತ್ತೆ 6.5 ಪಟ್ಟು. ಅಂಕುರದ ಮೇಲಿನ ಒಂದೊಂದು ಕೋಶಕ್ಕೂ ಬ್ರಷ್ಷಿನ ಎಳೆಗಳಂತೆ ಸಾವಿರಾರು ಸೂಕ್ಷ್ಮಾಂಕುರಗಳು. ಇವುಗಳಿಂದ ಇನ್ನೂ 13 ಪಟ್ಟು. ಎಲ್ಲವನ್ನೂ ಗುಣಿಸಿದರೆ ಸುಮಾರು 30 ಚದರ ಮೀಟರ್ ಬರುತ್ತದೆ. ಹಳೆಯ ಪಠ್ಯಪುಸ್ತಕಗಳು ಇದನ್ನು ಟೆನ್ನಿಸ್ ಅಂಗಳಕ್ಕೆ ಹೋಲಿಸುತ್ತಿದ್ದವು. ಅದು ಅತಿಶಯವೆಂದು 2014ರಲ್ಲಿ ಸ್ವೀಡನ್ನಿನ ಹೆಲಾಂಡರ್ ಮತ್ತು ಫ್ಯಾಂಡ್ರಿಕ್ಸ್ ಎಂಬ ವಿಜ್ಞಾನಿಗಳು ಅಳೆದು ತೋರಿಸಿದರು; ಮೇಲಿನ ಅಂಕೆಗಳು ಅವರವೇ. ಅಂಗಳವಲ್ಲದಿದ್ದರೂ, ಐದು ಮೀಟರ್ ಅಗಲ ಆರು ಮೀಟರ್ ಉದ್ದದ ತರಗತಿಯ ನೆಲದಷ್ಟು ವಿಸ್ತಾರ ನಮ್ಮ ಹೊಟ್ಟೆಯೊಳಗೆ ಮಡಿಸಿಕೊಂಡಿದೆಯೆಂದರೆ ಅದೇನು ಸಣ್ಣ ಸಂಗತಿಯಲ್ಲ.

ವಿಸ್ತಾರವೊಂದೇ ಸಾಲದು. ಸೂಕ್ಷ್ಮಾಂಕುರಗಳ ಮೇಲೆ ಕೊನೆಯ ಹಂತದ ಕಿಣ್ವಗಳಿವೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಇವುಗಳಲ್ಲೊಂದು. ಒಡೆದ ಸಕ್ಕರೆಯನ್ನು ಒಳಗೆ ಬಿಡಲು ಪ್ರೋಟೀನಿನಿಂದಾದ ಬಾಗಿಲುಗಳಿವೆ. ಗ್ಲೂಕೋಸಿನ ಬಾಗಿಲಿನ ನಿಯಮ ವಿಚಿತ್ರವಾದುದು. ಎರಡು ಸೋಡಿಯಂ ಅಯಾನುಗಳು ಜೊತೆಗೆ ಬಂದರೆ ಮಾತ್ರ ಒಂದು ಗ್ಲೂಕೋಸ್ ಅಣುವಿಗೆ ಪ್ರವೇಶ. ಒಳಬಂದ ಸೋಡಿಯಮ್ಮನ್ನು ಕೋಶದ ಇನ್ನೊಂದು ಬದಿಯಲ್ಲಿರುವ ಪಂಪು ಶಕ್ತಿಯನ್ನು ವ್ಯಯಿಸಿ ಹೊರಕ್ಕೆ ತಳ್ಳುತ್ತಿರುತ್ತದೆ. ಪಂಪು ನಿಂತರೆ ಬಾಗಿಲೂ ನಿಲ್ಲುತ್ತದೆ.

ಈ ಕೋಶಗಳ ಆಯುಸ್ಸು ಮೂರರಿಂದ ಐದು ದಿನ ಮಾತ್ರ. ಅಂಕುರಗಳ ಬುಡದಲ್ಲಿರುವ ಕುಳಿಗಳಲ್ಲಿ ಅವು ಹುಟ್ಟುತ್ತವೆ. ಮೇಲೇರುತ್ತ ಬಲಿತು, ಕಿಣ್ವಗಳನ್ನೂ ಬಾಗಿಲುಗಳನ್ನೂ ಕಟ್ಟಿಕೊಳ್ಳುತ್ತವೆ. ತುದಿಯನ್ನು ಮುಟ್ಟಿ ಉದುರುತ್ತವೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಎರಡು ಬಾರಿ ಇದರ ಪ್ರಸ್ತಾಪ ಬರುತ್ತದೆ.

ಉರಿಯೂತವೆಂದರೇನು?

ಬೆರಳಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಇದೇ ಉರಿಯೂತ. ಇದು ರೋಗವಲ್ಲ, ರೋಗಾಣುಗಳ ವಿರುದ್ಧ ದೇಹವೇ ಹೂಡುವ ಕಾಳಗ. ಬಿಳಿಯ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ; ಸೈಟೊಕೈನುಗಳೆಂಬ ಪ್ರೋಟೀನುಗಳ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಮುಳ್ಳು ಹೊರಬಿದ್ದ ಕೆಲವು ದಿನಗಳಲ್ಲಿ ಎಲ್ಲವೂ ಶಾಂತವಾಗುತ್ತದೆ.

ಕರುಳಿನ ಸ್ಥಿತಿ ಇದಕ್ಕಿಂತ ಕಠಿನ. ಅಲ್ಲಿ ದಿನಬೆಳಗಾದರೆ ಕೋಟ್ಯಂತರ ಅಣುಜೀವಿಗಳ ಒಡನಾಟ. ನೀರು, ಕೈ, ನೆಲ, ಪಾತ್ರೆಗಳು ಮಲದಿಂದ ಮಲಿನವಾದ ಕಡೆ ಹಾನಿಕರ ರೋಗಾಣುಗಳು ತುತ್ತಿನೊಡನೆ ಒಳಹೊಗುತ್ತಲೇ ಇರುತ್ತವೆ. ಅಂಬೆಗಾಲಿಡುವ ಕೂಸು ಅಂಗಳದಲ್ಲಿ ಕೈಗೆ ಸಿಕ್ಕಿದ್ದನ್ನು ಬಾಯಿಗಿಡುತ್ತದೆ. ಹೀಗೆ ಮುಳ್ಳಿನ ಮೇಲೆ ಮುಳ್ಳು ಚುಚ್ಚುತ್ತಿದ್ದರೆ ಕಾಳಗ ನಿಲ್ಲುವುದೆಂದು? ಭೇದಿ, ಜ್ವರ, ಹೊಟ್ಟೆನೋವು ಯಾವುದೂ ಇಲ್ಲದಿದ್ದರೂ ಕರುಳಿನ ಗೋಡೆಯಲ್ಲಿ ಕಿರಿದಾದ ಉರಿಯೂತವು ಬೂದಿ ಮುಚ್ಚಿದ ಕೆಂಡದಂತೆ ತಿಂಗಳುಗಟ್ಟಲೆ ಇರಬಲ್ಲುದು. ವೈದ್ಯರು ಇದಕ್ಕೆ ಪರಿಸರಜನ್ಯ ಕರುಳಿನ ವಿಕಾರವೆಂದು ಹೆಸರಿಟ್ಟಿದ್ದಾರೆ.

ಗೋಡೆಗೆ ಒದಗುವ ಮೂರು ಹಾನಿಗಳು

ಮೊದಲನೆಯದು ವಿಸ್ತಾರದ ನಷ್ಟ. ಉರಿಯೂತದಲ್ಲಿ ತುದಿಯ ಕೋಶಗಳು ಅವಧಿಗೆ ಮುಂಚೆಯೇ ಉದುರುತ್ತವೆ. ಹುಟ್ಟು ಸಾವಿಗೆ ಸರಿಗಟ್ಟದಿದ್ದರೆ ಬೆರಳಿನಂತಿದ್ದ ಅಂಕುರಗಳು ಗಿಡ್ಡವಾಗಿ, ಅಗಲವಾಗಿ, ಎಲೆಯಂತಾಗುತ್ತವೆ. ನಮ್ಮ ಲೆಕ್ಕಕ್ಕೆ ಮರಳಿ ಹೋಗೋಣ. ಅಂಕುರಗಳಿಂದ ಬರುವ 6.5 ಎಂಬ ಗುಣಕವು ಅರ್ಧಕ್ಕೆ ಇಳಿಯಿತೆನ್ನಿ. ಮಿಕ್ಕದ್ದೇನೂ ಬದಲಾಗದಿದ್ದರೂ 30 ಚದರ ಮೀಟರ್ 15 ಆಗುತ್ತದೆ. ತರಗತಿಯ ಅರ್ಧ ನೆಲವೇ ಮಾಯ.

ಎರಡನೆಯದು ಕೆಲಸಗಾರರ ನಷ್ಟ. ಕುಳಿಗಳು ಅವಸರದಿಂದ ಹೊಸ ಕೋಶಗಳನ್ನು ಹುಟ್ಟಿಸಿ ಕಳುಹುತ್ತವೆ. ಅವು ಬಲಿಯುವ ಮುನ್ನವೇ ಮೇಲೇರಿ ನಿಲ್ಲಬೇಕಾಗುತ್ತದೆ. ಅವುಗಳಲ್ಲಿ ಕಿಣ್ವಗಳು ಕಡಿಮೆ, ಬಾಗಿಲುಗಳು ಕಡಿಮೆ. ಭೇದಿಯಾದ ಮಗುವಿಗೆ ಕೆಲಕಾಲ ಹಾಲು ಅರಗದಿರುವುದುಂಟಷ್ಟೆ. ಬಲಿತ ಕೋಶಗಳು ಉದುರಿ ಲ್ಯಾಕ್ಟೇಸ್ ಕಿಣ್ವ ಕುಂದಿರುವುದೇ ಅದರ ಕಾರಣ. ಒಡೆಯದೆ ಉಳಿದ ಸಕ್ಕರೆ ಕರುಳಿನೊಳಕ್ಕೆ ನೀರನ್ನು ಸೆಳೆಯುತ್ತದೆ, ಭೇದಿ ಮುಂದುವರಿಯುತ್ತದೆ.

ಮೂರನೆಯದು ಸಂದುಗಳ ಸಡಿಲು. ಅಕ್ಕಪಕ್ಕದ ಕೋಶಗಳು ಮೇಲ್ಭಾಗದಲ್ಲಿ ಬಿಗಿಯಾದ ಪಟ್ಟಿಯಿಂದ ಒಂದಕ್ಕೊಂದು ಹೊಲಿದುಕೊಂಡಿರುತ್ತವೆ. ಪ್ರತಿಯೊಂದು ಕೋಶದೊಳಗೂ ಈ ಪಟ್ಟಿಗೆ ಹೊಂದಿಕೊಂಡು, ನಮ್ಮ ಸ್ನಾಯುಗಳಲ್ಲಿರುವ ಆಕ್ಟಿನ್ ಮತ್ತು ಮಯೋಸಿನ್‌ಗಳಿಂದಲೇ ಆದ ಒಂದು ಬಳೆ ಇದೆ. ಟಿ.ಎನ್.ಎಫ್. ಎಂಬ ಸೈಟೊಕೈನು ಬಂದು ತಟ್ಟಿದಾಗ ಬಳೆ ಬಿಗಿದುಕೊಳ್ಳುತ್ತದೆ, ಸಂದು ಸಡಿಲಾಗುತ್ತದೆ. ಆಗ ಅಣುಜೀವಿಗಳ ಚೂರುಗಳು ಒಳಕ್ಕೆ ಜಿನುಗಿ ರಕ್ತವನ್ನು ಸೇರುತ್ತವೆ. ಅವುಗಳನ್ನು ಕಂಡು ಉರಿಯೂತ ಇನ್ನಷ್ಟು ಹೆಚ್ಚುತ್ತದೆ; ಸಂದು ಇನ್ನಷ್ಟು ಸಡಿಲುತ್ತದೆ. ಇತ್ತ, ಹೇಗೋ ಒಳಸೇರಿದ ಅಲ್ಪ ಪೋಷಣೆಯೂ ಬೆಳವಣಿಗೆಗೆ ದೊರೆಯದೆ ಈ ಕಾಳಗದಲ್ಲಿ ಖರ್ಚಾಗುತ್ತದೆ.

ಇಷ್ಟಾದರೂ ಎಲ್ಲ ಬಾಗಿಲುಗಳೂ ಒಮ್ಮೆಗೇ ಮುಚ್ಚುವುದಿಲ್ಲವೆಂಬುದು ನಮ್ಮ ಪುಣ್ಯ. ಭೇದಿಯ ನಡುವೆಯೂ ಸೋಡಿಯಂ-ಗ್ಲೂಕೋಸ್ ಬಾಗಿಲು ಸಾಕಷ್ಟು ಮಟ್ಟಿಗೆ ತೆರೆದೇ ಇರುತ್ತದೆ. ಅವೆರಡರ ಬೆನ್ನಿಗೆ ನೀರೂ ಒಳಬರುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಉಪ್ಪು-ಗ್ಲೂಕೋಸುಗಳ ನೀರನ್ನು ಕುಡಿಸಿ ಅಸಂಖ್ಯ ಪ್ರಾಣಗಳನ್ನು ಉಳಿಸಿದ್ದು ಈ ಬಾಗಿಲಿನ ಬಲದಿಂದಲೇ. ಇಂದು ಔಷಧದ ಅಂಗಡಿಗಳಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣ ಅದರದೇ ಸುಧಾರಿತ ರೂಪ.

ಕಾಣದ ಬೇನೆಯನ್ನು ಕಂಡ ಬಗೆ

ಹೊರಗೆ ಲಕ್ಷಣವಿಲ್ಲದ ಈ ಬೇನೆ ಬೆಳಕಿಗೆ ಬಂದುದು ಹೇಗೆ? 1957ರಲ್ಲಿ ಅಮೆರಿಕೆಯ ಕ್ರಾಸ್ಬಿ ಮತ್ತು ಕುಗ್ಲರ್ ಎಂಬವರು ಒಂದು ಚಿಕ್ಕ ಲೋಹದ ಗುಳಿಗೆಯನ್ನು ರಚಿಸಿದರು. ಸಣ್ಣ ನಳಿಕೆಗೆ ಕಟ್ಟಿದ ಈ ಗುಳಿಗೆಯನ್ನು ನುಂಗಿಸಿ, ಅದು ಕರುಳಿಗಿಳಿದ ಮೇಲೆ ನಳಿಕೆಯಿಂದ ಗಾಳಿಯನ್ನು ಸೆಳೆದರೆ ಒಳಮೈಯ ಚೂರೊಂದು ಅದರ ಕಂಡಿಗೆ ಎಳೆಯಲ್ಪಡುತ್ತದೆ. ಒಳಗಿನ ಕತ್ತಿ ಅದನ್ನು ಕತ್ತರಿಸಿಕೊಳ್ಳುತ್ತದೆ. ಇದರಿಂದ ಶಸ್ತ್ರಚಿಕಿತ್ಸೆಯಿಲ್ಲದೆ ಕರುಳಿನ ಅಂಕುರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಸಾಧ್ಯವಾಯಿತು.

ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸೆಲ್ವಿನ್ ಬೇಕರ್, ವಿ. ಐ. ಮಾಥನ್ ಮೊದಲಾದವರು 1960ರ ದಶಕದಲ್ಲಿ ಹೀಗೆ ಪರೀಕ್ಷಿಸಿದಾಗ ಒಂದು ಅಚ್ಚರಿ ಕಾದಿತ್ತು. ದಕ್ಷಿಣ ಭಾರತದ ಆರೋಗ್ಯವಂತರೆಂದು ತೋರುವ ಜನರಲ್ಲೂ ಅಂಕುರಗಳು ಪಾಶ್ಚಾತ್ಯರವುಗಳಿಗಿಂತ ಗಿಡ್ಡವಾಗಿಯೂ ಅಗಲವಾಗಿಯೂ ಇದ್ದವು. ಇದು ಜನಾಂಗದ ಗುಣವಿರಬಹುದೆ? ಅಲ್ಲವೆಂಬುದಕ್ಕೆ 1966ರಲ್ಲಿ ಲಿಂಡೆನ್‌ಬಾಮ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಸಾಕ್ಷಿಯಾಯಿತು. ಅಂದಿನ ಪೂರ್ವ ಪಾಕಿಸ್ತಾನಕ್ಕೆ ಸೇವೆಗೆಂದು ಬಂದ ಅಮೆರಿಕದ ತರುಣರ ಕರುಳೂ ಕೆಲವು ತಿಂಗಳಲ್ಲಿ ಅದೇ ರೂಪಕ್ಕೆ ತಿರುಗಿತ್ತು. ತಾಯ್ನಾಡಿಗೆ ಮರಳಿದ ಮೇಲೆ ಸರಿಹೋಯಿತು. ದೋಷ ರಕ್ತದಲ್ಲಿರಲಿಲ್ಲ, ಪರಿಸರದಲ್ಲಿತ್ತು. ಅಷ್ಟೇ ಅಲ್ಲ, ಗೋಡೆ ಮತ್ತೆ ಚೇತರಿಸಿಕೊಳ್ಳಬಲ್ಲುದೆಂಬ ಸಮಾಧಾನವೂ ಇದರಿಂದ ದೊರೆಯಿತು.

ಎಳೆಯ ಮಕ್ಕಳಿಗೆ ಗುಳಿಗೆಯನ್ನು ನುಂಗಿಸುವುದು ಸುಲಭವಲ್ಲ. ಅದಕ್ಕೊಂದು ಜಾಣ ಉಪಾಯವಿದೆ. ದೇಹವು ಬಳಸಿಕೊಳ್ಳದ ಎರಡು ಸಕ್ಕರೆಗಳನ್ನು ನೀರಿನಲ್ಲಿ ಕರಗಿಸಿ ಕುಡಿಸುತ್ತಾರೆ. ಮ್ಯಾನಿಟಾಲಿನ ಅಣು ಚಿಕ್ಕದು. ಅದು ಗೋಡೆಯ ವಿಸ್ತಾರಕ್ಕೆ ತಕ್ಕಷ್ಟು ಒಳಸೇರುತ್ತದೆ. ಲ್ಯಾಕ್ಟುಲೋಸಿನ ಅಣು ದೊಡ್ಡದು. ಸಂದು ಸಡಿಲಿದ್ದರೆ ಮಾತ್ರ ನುಸುಳುತ್ತದೆ. ಒಳಸೇರಿದ್ದೆಲ್ಲ ಮೂತ್ರದಲ್ಲಿ ಹೊರಬರುವುದರಿಂದ ಅದನ್ನು ಅಳೆದರಾಯಿತು. ಮೊದಲನೆಯದು ತಗ್ಗಿ ಎರಡನೆಯದು ಏರಿದ್ದರೆ ಗೋಡೆ ಕಿರಿದಾಗಿದೆ, ಸೋರುತ್ತಲೂ ಇದೆ ಎಂದರ್ಥ. ಆಫ್ರಿಕದ ಗ್ಯಾಂಬಿಯಾದಲ್ಲಿ ಲನ್ ಮತ್ತು ಸಂಗಡಿಗರು ಈ ವಿಧಾನದಿಂದ ಶಿಶುಗಳನ್ನು ಪರೀಕ್ಷಿಸಿ, ಬೆಳವಣಿಗೆಯಲ್ಲಿ ಕಂಡ ಕುಂಠನದ ನೂರಕ್ಕೆ 43 ಪಾಲು ಕರುಳಿನ ಹಾನಿಯೊಂದಿಗೆ ಹೊಂದಿಕೊಂಡಿತ್ತೆಂದು 1991ರಲ್ಲಿ ವರದಿ ಮಾಡಿದರು.

ಕಬ್ಬಿಣದ ಬಾಗಿಲು

ಇಲ್ಲಿಯವರೆಗೆ ಹೇಳಿದ ಹಾನಿಗಳೆಲ್ಲ ಕಾಳಗದಲ್ಲಿ ಗೋಡೆಗೆ ತಗುಲಿದ ಪೆಟ್ಟುಗಳು. ಕಬ್ಬಿಣದ ವಿಷಯ ಹಾಗಲ್ಲ. ಅಲ್ಲಿ ದೇಹವು ಬೇಕೆಂದೇ ಬಾಗಿಲು ಮುಚ್ಚುತ್ತದೆ.

ವಯಸ್ಕರ ದೇಹದಲ್ಲಿರುವ ಕಬ್ಬಿಣ ಮೂರು ನಾಲ್ಕು ಗ್ರಾಂ ಮಾತ್ರ. ದಿನಕ್ಕೆ ಒಳಸೇರುವುದು ಒಂದೆರಡು ಮಿಲಿಗ್ರಾಂ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ಮಾರ್ಗ ದೇಹಕ್ಕಿಲ್ಲ. ಆದುದರಿಂದ ಕಾವಲು ಇರಬೇಕಾದುದು ಪ್ರವೇಶದ್ವಾರದಲ್ಲೇ. ಕರುಳಿನ ಕೋಶವನ್ನು ಹೊಕ್ಕ ಕಬ್ಬಿಣ ರಕ್ತಕ್ಕೆ ಇಳಿಯಲು ಇರುವುದು ಫೆರೋಪೋರ್ಟಿನ್ ಎಂಬ ಒಂದೇ ಬಾಗಿಲು. ಅದರ ಬೀಗವು ಯಕೃತ್ತು ತಯಾರಿಸುವ ಹೆಪ್ಸಿಡಿನ್ ಎಂಬ ಪುಟ್ಟ ಪ್ರೋಟೀನು. ಹೆಪ್ಸಿಡಿನ್ ಬಂದು ಅಂಟಿಕೊಂಡೊಡನೆ ಕೋಶವು ಆ ಬಾಗಿಲನ್ನು ಒಳಕ್ಕೆಳೆದುಕೊಂಡು ನಾಶಮಾಡುತ್ತದೆ. ಈ ಕ್ರಮ ಸ್ಪಷ್ಟವಾದುದು ತೀರ ಈಚೆಗೆ, 2004ರಲ್ಲಿ.

ದೇಹದಲ್ಲಿ ಕಬ್ಬಿಣ ಸಾಕಷ್ಟಿದ್ದಾಗ ಹೆಪ್ಸಿಡಿನ್ ಏರುತ್ತದೆ, ಕೊರತೆಯಿದ್ದಾಗ ಇಳಿಯುತ್ತದೆ. ಇದು ಸರಿಯಾದ ವ್ಯವಸ್ಥೆಯೇ. ಆದರೆ ಉರಿಯೂತದ ಸುದ್ದಿ ಯಕೃತ್ತನ್ನು ಮುಟ್ಟಿದಾಗಲೂ ಹೆಪ್ಸಿಡಿನ್ ಏರುತ್ತದೆ. ಏಕೆಂದರೆ ರೋಗಾಣುಗಳು ಬೆಳೆಯಲೂ ಕಬ್ಬಿಣ ಬೇಕು. ಶತ್ರುವಿನ ಮುತ್ತಿಗೆಯಲ್ಲಿ ಊರಿನವರು ಕಣಜದ ಬಾಗಿಲನ್ನು ಮುಚ್ಚುವಂತೆ ದೇಹವು ಕಬ್ಬಿಣವನ್ನು ಬಚ್ಚಿಡುತ್ತದೆ. ಮುತ್ತಿಗೆ ನಾಲ್ಕು ದಿನದ್ದಾದರೆ ಇದು ಜಾಣತನ. ಅದು ವರ್ಷವಿಡೀ ನಡೆದರೆ ಊರಿನವರೇ ಉಪವಾಸ ಬೀಳುತ್ತಾರೆ. ಊಟದ ಕಬ್ಬಿಣ ಕರುಳಿನ ಕೋಶದವರೆಗೆ ಬಂದು ಅಲ್ಲೇ ತಡೆದು ನಿಲ್ಲುತ್ತದೆ. ಮೂರರಿಂದ ಐದು ದಿನಕ್ಕೆ ಆ ಕೋಶ ಉದುರುತ್ತದೆಂದು ಹಿಂದೆ ಹೇಳಿದೆವಷ್ಟೆ. ಕಬ್ಬಿಣವೂ ಅದರೊಡನೆ ಮಲಕ್ಕೆ ಸೇರುತ್ತದೆ.

ಇದನ್ನು ಓದಿ ಯಾರೂ ಕಬ್ಬಿಣದ ಮಾತ್ರೆಯನ್ನು ಬಿಡಬಾರದು. ಕೊರತೆಯುಳ್ಳ ಬಹುಮಂದಿಯಲ್ಲಿ ಬಾಗಿಲು ತೆರೆದೇ ಇದ್ದು ಮಾತ್ರೆಯಿಂದ ಗುಣವಾಗುತ್ತದೆ. ಆದರೆ ಮಾತ್ರೆ ನುಂಗಿಯೂ ರಕ್ತ ಏರದಿದ್ದರೆ ನುಂಗಿದವರನ್ನು ದೂರುವ ಮುನ್ನ ಬಾಗಿಲಿನ ವಿಚಾರವನ್ನೂ ಮಾಡಬೇಕು. ಕರುಳಿನ ಗೋಡೆಯನ್ನು ಬಳಸದೆ ರಕ್ತನಾಳಕ್ಕೇ ಕಬ್ಬಿಣವನ್ನು ಹನಿಸುವ ಚಿಕಿತ್ಸೆಯೂ ಉಂಟು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಪಾಲುಗೊಂಡ ರ್‍ಯಾಪಿಡ್‌ಐರನ್ ಎಂಬ ಪ್ರಯೋಗದಲ್ಲಿ, 2021ರಿಂದ ಮೊದಲ್ಗೊಂಡು, ಕರ್ನಾಟಕ ಮತ್ತು ರಾಜಸ್ಥಾನಗಳ 4320 ಗರ್ಭಿಣಿಯರಲ್ಲಿ ಈ ಚಿಕಿತ್ಸೆಯನ್ನು ಮಾತ್ರೆಗಳೊಡನೆ ಹೋಲಿಸಿದರು. ಇದು ಬಾಗಿಲನ್ನು ರಿಪೇರಿ ಮಾಡುವ ಕ್ರಮವಲ್ಲ, ಅದನ್ನು ಬಳಸಿಕೊಂಡು ಹೋಗುವ ಹಾದಿ. ಬಾಣಂತನದ ದಿನ ಹತ್ತಿರ ಬಂದಿರುವಾಗ ಅಂಥ ಹಾದಿಯೂ ಬೇಕು.

ಬಾಗಿಲಿನವರೆಗೆ ಬರುವ ಕಬ್ಬಿಣದ ಪ್ರಮಾಣವೂ ಮುಖ್ಯ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ವಿಕಿರಣವಿಲ್ಲದ ಐಸೊಟೋಪುಗಳಿಂದ ಕಬ್ಬಿಣವನ್ನು ಗುರುತುಮಾಡಿ, ಊಟದೊಡನೆ ಕುಡಿದ ಒಂದು ಬಟ್ಟಲು ಚಹಾ ಅದರ ಹೀರಿಕೆಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆಂದೂ, ಸಿ ಜೀವಸತ್ವವು ಅದನ್ನು ಹಲವು ಪಟ್ಟು ಏರಿಸುತ್ತದೆಂದೂ 2008ರಲ್ಲಿ ತೋರಿಸಿದರು. ಊಟವಾದ ಕೂಡಲೇ ಚಹಾ ಕುಡಿಯುವುದು ನಮ್ಮ ಕಡೆಯ ರೂಢಿ. ಅದನ್ನು ಒಂದೆರಡು ತಾಸು ಮುಂದೂಡಿ, ಪಲ್ಯಕ್ಕೆ ಲಿಂಬೆಯ ಹೋಳು ಹಿಂಡಿಕೊಂಡರೆ ಖರ್ಚಿಲ್ಲದೆ ಲಾಭವಿದೆ.

ಪರಿಹಾರದ ದಾರಿ

ಕಾರಣ ತಿಳಿದ ಮೇಲೆ ಪರಿಹಾರ ಸುಲಭವೆಂದು ತೋರಬಹುದು. ನೀರು, ಪಾಯಖಾನೆ, ಸಾಬೂನುಗಳನ್ನು ಒದಗಿಸಿದರೆ ಮಕ್ಕಳು ಎತ್ತರವಾಗಿ ಬೆಳೆಯಬೇಕಷ್ಟೆ? ಬಾಂಗ್ಲಾದೇಶ, ಕೀನ್ಯಾ ಮತ್ತು ಜಿಂಬಾಬ್ವೆಗಳಲ್ಲಿ ಸಾವಿರಾರು ಕುಟುಂಬಗಳಲ್ಲಿ ನಡೆಸಿದ ಪ್ರಯೋಗಗಳ ಫಲಗಳು 2018 ಮತ್ತು 2019ರಲ್ಲಿ ಹೊರಬಂದವು. ಮನೆಮಟ್ಟದ ಅಂಥ ಸೌಕರ್ಯಗಳಿಂದಷ್ಟೇ ಮಕ್ಕಳ ಎತ್ತರ ಹೆಚ್ಚಲಿಲ್ಲ. ಪೂರಕ ಆಹಾರದಿಂದ ಸ್ವಲ್ಪ ಹೆಚ್ಚಿತು. ಇದರಿಂದ ಶುಚಿತ್ವ ವ್ಯರ್ಥವೆಂದು ತಿಳಿಯಬಾರದು. ಬಾಂಗ್ಲಾದೇಶದಲ್ಲಿ ಭೇದಿ ಕಡಿಮೆಯಾದುದೂ ನಿಜ. ಒಂದು ಮನೆ ಶುಚಿಯಾಗಿ ಊರಿನ ಉಳಿದ ನೆಲ, ಜಲಗಳು ಹಾಗೆಯೇ ಉಳಿದರೆ ಮುಳ್ಳು ಚುಚ್ಚುವುದು ನಿಲ್ಲುವುದಿಲ್ಲವೆಂಬುದು ಹಲವು ವಿಜ್ಞಾನಿಗಳ ಅಭಿಪ್ರಾಯ. ನಲ್ಲಿಯ ನೀರು ಊರಿಗೆ ಊರೇ ಶುದ್ಧವಾಗಿ ಬರಬೇಕು. ಮಲವು ನೀರಿನ ಮೂಲಗಳಿಂದ ದೂರವುಳಿಯಬೇಕು. ಬೀಡಿಯ ಸುತ್ತಣ ಊರುಗಳಲ್ಲಿ ಮಳೆಗಾಲದ ಮೊದಲ ನೀರು ಹರಿದು ಬಾವಿಗೆ ಸೇರುವ ದಿನಗಳಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು.

ಅಲ್ಲಿಯವರೆಗೆ ಮನೆಯವರ ಕೈಯಲ್ಲಿರುವುದೂ ಕಡಿಮೆಯೇನಲ್ಲ. ಕೂಸಿಗೆ ಆರು ತಿಂಗಳು ತಾಯಿಯ ಹಾಲನ್ನು ಮಾತ್ರ ಕೊಡುವುದು, ಕುಡಿಯುವ ನೀರನ್ನು ಕುದಿಸುವುದು, ಉಣಿಸುವ ಮುನ್ನ ಸಾಬೂನಿನಿಂದ ಕೈ ತೊಳೆಯುವುದು, ರೋಟಾವೈರಸ್ ಲಸಿಕೆ ಹಾಕಿಸುವುದು, ಶಾಲೆಯಲ್ಲಿ ಕೊಡುವ ಜಂತುನಾಶಕ ಮಾತ್ರೆಯನ್ನು ತಪ್ಪಿಸದಿರುವುದು ಇವೆಲ್ಲ ಮುಳ್ಳುಗಳನ್ನು ಕಡಿಮೆಮಾಡುವ ಉಪಾಯಗಳು. ಭೇದಿಯಾದಾಗ ಓ.ಆರ್.ಎಸ್. ಕುಡಿಸಿ, ವೈದ್ಯರು ಹೇಳಿದಷ್ಟು ದಿನ ಸತುವಿನ ಮಾತ್ರೆ ಕೊಟ್ಟು, ಊಟವನ್ನು ನಿಲ್ಲಿಸದೆ ಮುಂದುವರಿಸಬೇಕು. ಹೊಟ್ಟೆಗೆ ವಿಶ್ರಾಂತಿ ಬೇಕೆಂದು ಮಗುವನ್ನು ಉಪವಾಸ ಕೆಡವುವುದು ತಪ್ಪು. ಹೊಸ ಕೋಶಗಳನ್ನು ಕಟ್ಟಲು ಸಾಮಗ್ರಿ ಬೇಕಾಗುವುದು ಆಗಲೇ. ತೂಕ ಇಳಿಯುತ್ತಿದ್ದರೆ, ಭೇದಿ ಎರಡು ವಾರ ಮೀರಿದರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು.

ಸೊರಗಿದ ಮಗುವನ್ನು ಕಂಡಾಗ "ಏನು ಉಣ್ಣುತ್ತದೆ?" ಎಂದು ಕೇಳುವುದು ಸಹಜ, ಅದು ಸರಿಯಾದ ಪ್ರಶ್ನೆಯೂ ಹೌದು. ಅದರ ಜೊತೆಗೆ "ಎಂಥ ನೀರು ಕುಡಿಯುತ್ತದೆ? ಎಂಥ ನೆಲದ ಮೇಲೆ ಆಡುತ್ತದೆ?" ಎಂದೂ ಕೇಳಲು ನಾವು ಕಲಿಯಬೇಕು. ಮೂರರಿಂದ ಐದು ದಿನಕ್ಕೊಮ್ಮೆ ತನ್ನನ್ನೇ ಹೊಸದಾಗಿ ಕಟ್ಟಿಕೊಳ್ಳುವ ಗೋಡೆ ಅದು. ಮುತ್ತಿಗೆ ಹಿಂಜರಿದು ಆಹಾರ ದೊರೆತರೆ ಚೇತರಿಸಿಕೊಳ್ಳುವ ಶಕ್ತಿ ಅದರಲ್ಲಿಯೇ ಇದೆ.